45 ದಾಟಿದ ನರ್ಸ್‌ಗೆ ಮುಂದಿನ ದಾರಿ ಯಾವುದು? ಹೊಸ ಕಾರ್ಮಿಕ ಕಾನೂನು ಕೊಟ್ಟಿದ್ದು, ಕೊಡದೇ ಇದ್ದದ್ದು

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು (ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನುಗಳು) ಜಾರಿಗೆ ತಂದಿತು. ಆವತ್ತಿನ ಪ್ರಕಟಣೆಯ ಎರಡು ಅಂಶಗಳು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ನೇರವಾಗಿ ತಾಗುತ್ತವೆ. 40 ವರ್ಷ ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತವಾಗಿ ಆರೋಗ್ಯ ತಪಾಸಣೆ ಮಾಡಿಸಬೇಕು ಎಂಬುದು ಒಂದು. ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕುವಾಗ ಅವರ ಒಪ್ಪಿಗೆ ಇರಬೇಕು, ಸುರಕ್ಷತೆಯ ಏರ್ಪಾಡೂ ಇರಬೇಕು ಎಂಬುದು ಇನ್ನೊಂದು. ಇವೆರಡನ್ನೂ ಜೋಡಿಸಿ ಓದಿದರೆ, 40 ಆದ ಮೇಲೆ ನರ್ಸ್‌ಗಳು ನೈಟ್ ಡ್ಯೂಟಿ ಮಾಡಲೇಬೇಕಿಲ್ಲ ಎಂದು ಅನಿಸುವುದು ಸಹಜ. ಆದರೆ ಕಾನೂನು ಹಾಗೆ ಹೇಳಿಲ್ಲ.

ಈ ಗೊಂದಲದ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ನರ್ಸ್‌ಗೆ ಮೈ ಸೋಲುವ ಹೊತ್ತಿಗೆ ಯಾವ ಕೆಲಸ ಸಿಗುತ್ತದೆ? ಹುಡುಕಿದರೆ ದಾರಿಗಳು ಸಾಕಷ್ಟಿವೆ. ತೊಂದರೆ ಏನೆಂದರೆ, ಅವುಗಳಲ್ಲಿ ಹೆಚ್ಚಿನವು 35ರಿಂದ 45ರ ನಡುವೆ ಒಂದೊಂದಾಗಿ ಮುಚ್ಚುತ್ತವೆ. ಮೈ ಸೋತಿದೆ ಎಂದು ಗೊತ್ತಾಗುವುದು ಅದಾದ ಮೇಲೆ. ಈ ಅಂತರ ಹೇಗೆ ಹುಟ್ಟಿತು, ಯಾರಿಗೆ ಇದರಿಂದ ನಷ್ಟ ಎಂದು ನೋಡೋಣ.

ಸಂಹಿತೆಯಲ್ಲಿ ಇರುವುದೇನು

ಮೊದಲು ಒಪ್ಪಿಗೆಯ ವಿಷಯ. ಸಂಜೆ 7ರ ನಂತರ, ಬೆಳಿಗ್ಗೆ 6ರ ಮೊದಲು ಮಹಿಳೆಯರು ಕೆಲಸ ಮಾಡಬಹುದು, ಅದಕ್ಕೆ ಅವರ ಒಪ್ಪಿಗೆ ಬೇಕು ಎನ್ನುತ್ತದೆ ಕಾನೂನು. ವಯಸ್ಸಿನ ಮಾತೇ ಅಲ್ಲಿಲ್ಲ. ಕೆಲಸಕ್ಕೆ ಸೇರುವ ದಿನವೇ ‘ಎಲ್ಲ ಪಾಳಿಗಳಲ್ಲೂ ಕೆಲಸ ಮಾಡಲು ಒಪ್ಪಿದ್ದೇನೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಸಿಕ್ಕಿತು ಎಂದು ಆಡಳಿತ ಮಂಡಳಿ ವಾದಿಸಬಹುದು. 24ರ ವಯಸ್ಸಿನಲ್ಲಿ ಹಾಕಿದ ಆ ಸಹಿಯನ್ನು 46ರಲ್ಲಿ ಹಿಂದಕ್ಕೆ ಪಡೆಯಬಹುದೇ, ಪಡೆದರೆ ಕೆಲಸ ಉಳಿಯುತ್ತದೆಯೇ ಎಂಬುದು ರಾಜ್ಯದ ನಿಯಮಗಳನ್ನೂ ಮುಂದೆ ಬರುವ ತೀರ್ಪುಗಳನ್ನೂ ಅವಲಂಬಿಸಿದೆ.

ಆರೋಗ್ಯ ತಪಾಸಣೆಯಿಂದ ಖಂಡಿತ ಲಾಭವಿದೆ. ಬಿಪಿ, ಶುಗರ್, ಥೈರಾಯ್ಡ್ ಬೇಗ ಗೊತ್ತಾಗುತ್ತವೆ. ಆದರೆ ಬೆನ್ನುಮೂಳೆಯ ಡಿಸ್ಕ್ ಜಾರಿದೆ ಎಂದು ತಪಾಸಣೆಯಲ್ಲಿ ಕಂಡರೆ ಮುಂದೇನು? ಹಗುರವಾದ ಕೆಲಸಕ್ಕೆ ಬದಲಾಯಿಸಬೇಕು ಎಂಬ ಹೊಣೆ ಈ ಸೌಲಭ್ಯದ ಜೊತೆ ಬಂದಿಲ್ಲ.

ಇನ್ನೆರಡು ಅಂಶಗಳು ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ, ಹಿರಿಯ ನರ್ಸ್‌ಗಳಿಗೆ ಮಾತ್ರ ಅವು ಬಹಳ ಮುಖ್ಯ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಪಡೆಯುವವರು ‘ಕೆಲಸಗಾರ’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅಂದರೆ ವಾರ್ಡ್ ಇನ್‌ಚಾರ್ಜ್ ಆಗಿ ಬಡ್ತಿ ಪಡೆದವರನ್ನು ಕೆಲಸದಿಂದ ತೆಗೆದಾಗ, ಕಾರ್ಮಿಕ ನ್ಯಾಯಮಂಡಳಿಗೆ ಹೋಗುವ ಅವರ ಹಕ್ಕನ್ನೇ ಆಸ್ಪತ್ರೆ ಪ್ರಶ್ನಿಸಬಹುದು. ಹುದ್ದೆಯ ಹೆಸರು ಏನೇ ಇರಲಿ, ನಿಜವಾಗಿ ಮಾಡುವ ಕೆಲಸ ಯಾವುದು ಎಂದು ನ್ಯಾಯಾಲಯಗಳು ನೋಡುತ್ತವೆ, ಅದು ಸಮಾಧಾನದ ಸಂಗತಿ. ಹಾಗಾಗಿ ಇನ್‌ಚಾರ್ಜ್ ಆದ ಮೇಲೂ ಇಂಜೆಕ್ಷನ್, ಡ್ರೆಸ್ಸಿಂಗ್ ಮಾಡುತ್ತಿದ್ದವರು ಡ್ಯೂಟಿ ರೋಸ್ಟರ್‌ನ ಪ್ರತಿಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು ಅಂಶಕ್ಕೆ ಬೆಂಗಳೂರಿನ ನಂಟಿದೆ. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ‘ಉದ್ಯಮ’ ಎಂಬುದಕ್ಕೆ ಬಹಳ ವಿಶಾಲವಾದ ಅರ್ಥ ಕೊಟ್ಟಿತ್ತು, ಆಸ್ಪತ್ರೆಗಳೂ ಅದರೊಳಗೆ ಬಂದವು. ಹೊಸ ಸಂಹಿತೆ ಪೂರ್ತಿಯಾಗಿ ಅಥವಾ ಬಹುಪಾಲು ಧರ್ಮಾರ್ಥ, ಸಾಮಾಜಿಕ ಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ಉದ್ಯಮದಿಂದ ಹೊರಗಿಟ್ಟಿದೆ. ಕರ್ನಾಟಕದಲ್ಲಿ ಟ್ರಸ್ಟ್, ಮಠ, ಮಿಷನ್ ನಡೆಸುವ ಆಸ್ಪತ್ರೆಗಳು ಎಷ್ಟಿವೆ ಎಂದು ನೆನಪಿಸಿಕೊಂಡರೆ ಇದರ ತೂಕ ಅರ್ಥವಾಗುತ್ತದೆ. ಪೂರ್ತಿ ಶುಲ್ಕ ವಸೂಲಿ ಮಾಡುವ ಟ್ರಸ್ಟ್ ಆಸ್ಪತ್ರೆಯನ್ನು ಧರ್ಮಾರ್ಥ ಎನ್ನಬಹುದೇ? ಈ ಜಗಳ ಕೋರ್ಟಿಗೆ ಹೋಗದೆ ಮುಗಿಯುವಂತೆ ಕಾಣುವುದಿಲ್ಲ.

ಮೈ ಸೋಲುವುದು ಹೇಗೆ

ಪಾರ್ಶ್ವವಾಯು ಆದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಒತ್ತಡದ ಹುಣ್ಣಾಗುತ್ತದೆ. 70 ಕೆಜಿ ತೂಕದ ರೋಗಿಯ ಹೆಗಲ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ ಕೊಟ್ಟು, ಮಂಚದ ಮೇಲೆ ಬಗ್ಗಿ, ತನ್ನ ಕಡೆಗೆ ಎಳೆದುಕೊಳ್ಳಬೇಕು. ಆಮೇಲೆ ಬೆನ್ನಿಗೆ ದಿಂಬು ಕೊಟ್ಟು, ಹಾಸಿಗೆಯ ಸುಕ್ಕು ಬಿಡಿಸಬೇಕು. ಇದು ಇಬ್ಬರು ಮಾಡುವ ಕೆಲಸ. ರಾತ್ರಿ ಸಿಬ್ಬಂದಿ ಕಡಿಮೆ ಇದ್ದಾಗ ಒಬ್ಬರೇ ಮಾಡುತ್ತಾರೆ. ರೋಗಿಯನ್ನು ಜಾರಿಸುವ ಶೀಟು, ಎತ್ತುವ ಯಂತ್ರ ಇದ್ದರೆ ಬೆನ್ನು ಉಳಿಯುತ್ತದೆ. ಅವಿಲ್ಲದ ಕಡೆ ನರ್ಸಿನ ಸೊಂಟವೇ ಯಂತ್ರ.

ಅದರ ಮೇಲೆ ನೈಟ್ ಡ್ಯೂಟಿ. ರಾತ್ರಿ ಪಾಳಿಯ ಕೆಲಸವನ್ನು ಮನುಷ್ಯರಲ್ಲಿ ‘ಬಹುಶಃ ಕ್ಯಾನ್ಸರ್ ತರುವಂಥದ್ದು’ ಎಂಬ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ಮಾತನ್ನು ಉಳಿಸಿಕೊಂಡಿತು. ಇದರ ಅರ್ಥ ನೈಟ್ ಮಾಡಿದವರಿಗೆಲ್ಲ ಕಾಯಿಲೆ ಬರುತ್ತದೆ ಎಂದಲ್ಲ, ಅನುಮಾನಕ್ಕೆ ಗಟ್ಟಿ ಆಧಾರವಿದೆ ಎಂದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಿದ್ದೆ ಮೊದಲೇ ಹದಗೆಟ್ಟಿರುತ್ತದೆ. ಪಾಳಿ ಬದಲಾಗುತ್ತಿದ್ದರೆ ಅದು ಇನ್ನೂ ಕೆಡುತ್ತದೆ. ಈ ವೃತ್ತಿಯಲ್ಲಿ ಹೆಂಗಸರೇ ಜಾಸ್ತಿ ಇದ್ದರೂ ಈ ವಿಷಯ ಡ್ಯೂಟಿ ಹಾಕುವಾಗ ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂಬುದು ಬೇಸರದ ಸಂಗತಿ.

ಆಸ್ಪತ್ರೆಯ ಲೆಕ್ಕ, ನರ್ಸ್‌ಗಳ ಲೆಕ್ಕ

ಖಾಸಗಿ ಆಸ್ಪತ್ರೆಗಳ ವಾದವನ್ನೂ ಕೇಳಬೇಕು. ಕರ್ನಾಟಕದಲ್ಲಿ ನೂರಾರು ನರ್ಸಿಂಗ್ ಕಾಲೇಜುಗಳಿವೆ. ಪ್ರತಿ ವರ್ಷ ಸಾವಿರಾರು ಮಕ್ಕಳು ಓದು ಮುಗಿಸಿ ಹೊರಬರುತ್ತಾರೆ. ಹೊಸಬರು ಕಡಿಮೆ ಸಂಬಳಕ್ಕೆ ಬರುತ್ತಾರೆ, ನೈಟ್ ಮಾಡುತ್ತಾರೆ, ಎರಡು ವರ್ಷದ ಅನುಭವದ ಸರ್ಟಿಫಿಕೇಟ್ ಸಿಕ್ಕಿದರೆ ಸಾಕು ಅಂದುಕೊಂಡಿರುತ್ತಾರೆ. ಹಾಸಿಗೆಯ ದರ, ವಿಮಾ ಕಂಪನಿ ಕೊಡುವ ದರ ಎರಡೂ ಬಿಗಿಯಾಗಿರುವಾಗ ಹಿರಿಯರಿಗೆ ದುಪ್ಪಟ್ಟು ಸಂಬಳ ಕೊಟ್ಟು, ನೈಟ್‌ನಿಂದಲೂ ಬಿಡುಗಡೆ ಕೊಡುವುದು ಹೇಗೆ ಎಂದು ಆಡಳಿತ ಕೇಳುತ್ತದೆ. 30 ಹಾಸಿಗೆಯ ತಾಲ್ಲೂಕು ಮಟ್ಟದ ನರ್ಸಿಂಗ್ ಹೋಮ್‌ಗೆ ಇದು ನಿಜವಾದ ಕಷ್ಟ.

ನರ್ಸ್‌ಗಳ ಸಂಘಟನೆಗಳು ಇದಕ್ಕೆ ಕೊಡುವ ಉತ್ತರ ಹತ್ತು ವರ್ಷ ಹಳೆಯದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳ, ಕೆಲಸದ ಸ್ಥಿತಿ ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಸಮಿತಿಯ ಶಿಫಾರಸು ಸ್ಪಷ್ಟವಾಗಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಆ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ. 100ರಿಂದ 200 ಹಾಸಿಗೆಗೆ ಶೇ 10ಕ್ಕಿಂತ ಹೆಚ್ಚು ಕಡಿತ ಇರಬಾರದು, 50ರಿಂದ 100ಕ್ಕೆ ಶೇ 25. ಅದಕ್ಕಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡುವಂತಿಲ್ಲ. ಜಾರಿ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಬಂತು. ಕೇರಳದಲ್ಲಿ ನರ್ಸ್‌ಗಳು ದೊಡ್ಡ ಹೋರಾಟ ನಡೆಸಿದ ಮೇಲೆ 2018ರಲ್ಲಿ 20,000 ರೂಪಾಯಿಯ ಕನಿಷ್ಠ ವೇತನಕ್ಕೆ ಅಧಿಸೂಚನೆ ಹೊರಟಿತು. ಉಳಿದ ಹೆಚ್ಚಿನ ಕಡೆ ಶಿಫಾರಸು ಶಿಫಾರಸಾಗಿಯೇ ಉಳಿಯಿತು.

ಇಲ್ಲಿ ಗಮನಿಸಬೇಕಾದದ್ದು, ಆ ಶಿಫಾರಸು ಕೆಳಗಿನ ಮಿತಿಯನ್ನು ಹೇಳಿತು. ಅನುಭವಕ್ಕೆ ಎಷ್ಟು ಜಾಸ್ತಿ ಕೊಡಬೇಕು ಎಂಬ ಲೆಕ್ಕ ಖಾಸಗಿ ವಲಯದಲ್ಲಿ ಇಂದಿಗೂ ಗಟ್ಟಿಯಾಗಿಲ್ಲ. ಕನಿಷ್ಠ ವೇತನ ಏರಿದರೆ ಹೊಸಬರಿಗೂ ಇಪ್ಪತ್ತು ವರ್ಷ ದುಡಿದವರಿಗೂ ಇರುವ ಅಂತರ ಇನ್ನೂ ಕಡಿಮೆಯಾಗುತ್ತದೆ, ಅಲ್ವಾ? ಹಿರಿಯರಿಗೆ ನಿಜವಾಗಿ ಬೇಕಿರುವುದು ಮೇಲೆ ಹತ್ತುವ ಮೆಟ್ಟಿಲು.

ರೋಗಿಗೆ ಇದರಿಂದ ಏನಾಗುತ್ತದೆ? 2014ರಲ್ಲಿ ಯುರೋಪಿನ 9 ದೇಶಗಳ ಆಸ್ಪತ್ರೆಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯ ರೋಗಿ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತದೆ ಎಂದು ಕಂಡಿತು. ಅನುಭವಿಗಳು ಬಿಟ್ಟು ಹೋದಾಗ ವಾರ್ಡಿನಲ್ಲಿ ಆಗುವುದೂ ಇದೇ. ಹೊಸಬರಿಗೆ ಕಲಿಸುತ್ತಾ ತನ್ನ ರೋಗಿಗಳನ್ನೂ ನೋಡಬೇಕಾದ ಒಬ್ಬರ ಮೇಲೆ ಎಲ್ಲ ಭಾರ ಬೀಳುತ್ತದೆ. ಅವರೂ ಬಿಡುತ್ತಾರೆ.

ಸರ್ಕಾರಿ ಕೆಲಸದ ಬಾಗಿಲು

ಸರ್ಕಾರಿ ಸೇವೆಯಲ್ಲಿ ವಯಸ್ಸಾದಂತೆ ಸಂಬಳ ಏರುತ್ತದೆ, 60ರವರೆಗೆ ಕೆಲಸ ಇರುತ್ತದೆ. ಕೇಂದ್ರದಲ್ಲಿ ನರ್ಸಿಂಗ್ ಆಫೀಸರ್ ಮೂಲ ವೇತನ 7ನೇ ವೇತನ ಆಯೋಗದ ಪ್ರಕಾರ 44,900 ರೂಪಾಯಿಯಿಂದ ಶುರುವಾಗುತ್ತದೆ. ಆದರೆ ಏಮ್ಸ್‌ನ ಸಾಮಾನ್ಯ ಪರೀಕ್ಷೆಗೆ ಸಾಮಾನ್ಯ ವರ್ಗದ ವಯೋಮಿತಿ 30. ಕರ್ನಾಟಕ ಸರ್ಕಾರದ ನೇಮಕಾತಿಯಲ್ಲಿ ಸಾಮಾನ್ಯವಾಗಿ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ 40. ನಡುನಡುವೆ ಸರ್ಕಾರ ಒಂದು ಸಲದ ಸಡಿಲಿಕೆ ಕೊಡುವುದುಂಟು. ಅದನ್ನೇ ನಂಬಿ ಕೂರುವಂತಿಲ್ಲ.

ಒಳಗೆ ಬಂದವರಿಗೂ ಮೇಲಿನ ಹುದ್ದೆಗಳು ಕಡಿಮೆ. ಕರ್ನಾಟಕದಲ್ಲಿ ಸ್ಟಾಫ್ ನರ್ಸ್ ಈಗ ಶುಶ್ರೂಷಾಧಿಕಾರಿ. ಹೆಸರು ಬದಲಾಗಿದ್ದು ಗೌರವದ ವಿಷಯ, ಸಂತೋಷವೇ. ಆದರೆ ಒಂದು ಆಸ್ಪತ್ರೆಯಲ್ಲಿ ನೂರು ಶುಶ್ರೂಷಾಧಿಕಾರಿಗಳಿದ್ದರೆ ಸೂಪರಿಂಟೆಂಡೆಂಟ್ ಕುರ್ಚಿಗಳು ಬೆರಳೆಣಿಕೆಯಷ್ಟು. ಬಡ್ತಿ ಬರುವಷ್ಟರಲ್ಲಿ ನಿವೃತ್ತಿ ಹತ್ತಿರವಾಗಿರುತ್ತದೆ.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನರ್ಸ್‌ಗಳ ಸ್ಥಿತಿ ಖಾಸಗಿ ಕೆಲಸ, ಕಾಯಂ ಸರ್ಕಾರಿ ಕೆಲಸ ಎರಡರ ನಡುವೆ ಸಿಕ್ಕಿಕೊಂಡಿದೆ. ಅಭಿಯಾನ ಶುರುವಾಗಿದ್ದು 2005ರಲ್ಲಿ. ಆಗ 25ರಲ್ಲಿ ಸೇರಿದವರಿಗೆ ಈಗ 45 ದಾಟಿದೆ. ಕಾಯಂ ಮಾಡಿ ಎಂದು 2023ರಲ್ಲಿ ಬೆಂಗಳೂರಿನಲ್ಲಿ ಅವರು ನಡೆಸಿದ ಧರಣಿಯ ಹಿಂದೆ ಈ ವಯಸ್ಸಿನ ಆತಂಕವೂ ಇತ್ತು. ಹೊಸ ನೇಮಕಾತಿಗೆ ಅರ್ಜಿ ಹಾಕೋಣ ಎಂದರೆ ವಯಸ್ಸು ಮೀರಿದೆ, ಗುತ್ತಿಗೆಯಲ್ಲೇ ಮುಂದುವರಿದರೆ ಪಿಂಚಣಿ ಇಲ್ಲ.

ಹಾಸಿಗೆ ಪಕ್ಕದಿಂದ ಆಚೆಗಿರುವ ಕೆಲಸಗಳು

ಈಗ ಆಯ್ಕೆಗಳಿಗೆ ಬರೋಣ. ಹಗಲಿನ ಕೆಲಸ, ಎತ್ತುವ ಭಾರ ಕಡಿಮೆ, ಅನುಭವಕ್ಕೆ ಬೆಲೆ. ಈ ಮೂರೂ ಸೇರುವ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಇದರ ಬಗ್ಗೆ ಹೊರಗೆ ಗೊತ್ತಿರುವುದು ಕಡಿಮೆ. ಅದು ಸೋಂಕು ನಿಯಂತ್ರಣದ ನರ್ಸ್ ಕೆಲಸ.

ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬೇಕೆನ್ನುವ ಆಸ್ಪತ್ರೆಗೆ ಸೋಂಕು ನಿಯಂತ್ರಣದ ವ್ಯವಸ್ಥೆ, ಅದನ್ನು ನೋಡಿಕೊಳ್ಳುವ ನರ್ಸ್ ಬೇಕೇ ಬೇಕು. ಅವರು ಬೆಳಿಗ್ಗೆ ಐಸಿಯುಗೆ ಹೋಗಿ ಎಷ್ಟು ರೋಗಿಗಳಿಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ), ಮೂತ್ರದ ಕೊಳವೆ, ವೆಂಟಿಲೇಟರ್ ಇದೆ, ಎಷ್ಟನೇ ದಿನ ಎಂದು ಬರೆದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಐದು ಸಂದರ್ಭಗಳಲ್ಲಿ ಡಾಕ್ಟರ್, ನರ್ಸ್, ಆಯಾ ಎಲ್ಲರೂ ಕೈ ತೊಳೆಯುತ್ತಾರಾ ಎಂದು ದೂರದಿಂದ ನೋಡುತ್ತಾರೆ. ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಗಳಲ್ಲಿ ಬೀಳಬೇಕಾದ ಕಸವೇ ಬಿದ್ದಿದೆಯಾ ಎಂದು ತೆರೆದು ನೋಡುತ್ತಾರೆ. ಯಾರಿಗಾದರೂ ಬಳಸಿದ ಸೂಜಿ ಚುಚ್ಚಿತೋ, ಆ ವಿವರ ರಿಜಿಸ್ಟರ್‌ಗೆ ಹೋಗಬೇಕು, ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ, ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ ಶುರುವಾಗಬೇಕು. ತಪ್ಪು ಮಾಡಿದ ಸರ್ಜನ್‌ಗೂ ಮುಖ ನೋಡಿ ಹೇಳುವ ಧೈರ್ಯ ಬೇಕಾಗುತ್ತದೆ. 23ರ ಹುಡುಗಿಯ ಮಾತನ್ನು ಸರ್ಜನ್ ಕೇಳುವುದು ಕಷ್ಟ, 20 ವರ್ಷ ಅನುಭವದ ಸಿಸ್ಟರ್ ಹೇಳಿದರೆ ಕೇಳುತ್ತಾರೆ. ಇಲ್ಲಿ ವಯಸ್ಸೇ ಅರ್ಹತೆ.

ಇದರಂತೆಯೇ ಗುಣಮಟ್ಟದ ವಿಭಾಗ, ಹೊಸಬರಿಗೆ ತರಬೇತಿ, ಡಯಾಬಿಟಿಸ್ ರೋಗಿಗಳಿಗೆ ತಿಳಿವಳಿಕೆ ಕೊಡುವುದು, ಕೀಮೋ ಡೇ ಕೇರ್, ಸಿಎಸ್‌ಎಸ್‌ಡಿ (ಉಪಕರಣಗಳನ್ನು ಸೋಂಕುರಹಿತ ಮಾಡುವ ವಿಭಾಗ), ವಿಮಾ ಕ್ಲೇಮ್ ಪರಿಶೀಲನೆ, ಔಷಧ ಪ್ರಯೋಗಗಳ ಸಂಯೋಜನೆ ಇವೆ. ತೊಂದರೆ ಎಂದರೆ ಒಂದು ಆಸ್ಪತ್ರೆಗೆ ಇಂಥವರು ಬೇಕಾಗುವುದು ಕೆಲವೇ ಜನ. ಕಂಪ್ಯೂಟರ್, ಎಕ್ಸೆಲ್, ವರದಿ ಬರೆಯುವ ಅಭ್ಯಾಸ ಬೇಕು. ಈ ಕೆಲಸಗಳಿಗೂ ಆಸ್ಪತ್ರೆಗಳು ಚಿಕ್ಕ ವಯಸ್ಸಿನ ಪದವೀಧರರನ್ನೇ ಹುಡುಕುತ್ತವೆ. 38ರಲ್ಲಿ ಆ ವಿಭಾಗಕ್ಕೆ ಹೋಗಿ ಕೆಲಸ ಕಲಿತವರು 50ರಲ್ಲಿ ಅದರ ಮುಖ್ಯಸ್ಥರಾಗಬಹುದು. 50ರಲ್ಲಿ ಬೆನ್ನು ನೋವಿನಿಂದ ಹೋಗಿ ಕೇಳಿದರೆ ಜಾಗ ಇರುವುದಿಲ್ಲ.

ಪಾಠ ಮಾಡುವುದು ಇನ್ನೊಂದು ದಾರಿ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದವರು ಲೆಕ್ಚರರ್ ಆಗಬೇಕಾದರೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಆಮೇಲೆ 2 ವರ್ಷದ ಎಂಎಸ್ಸಿ ಮಾಡಬೇಕು. ನಾಲ್ಕು ವರ್ಷ ಪೂರ್ಣಾವಧಿ ಓದು, ಅಷ್ಟು ದಿನ ಸಂಬಳ ಇಲ್ಲ, ಮೇಲೆ ಫೀಸು. 30ರಲ್ಲಿ ಶುರು ಮಾಡಿದರೆ ಉಳಿದ 25 ವರ್ಷ ಆ ಖರ್ಚು ವಾಪಸ್ ಬರುತ್ತದೆ. 45ರಲ್ಲಿ, ಮಕ್ಕಳ ಕಾಲೇಜು ಫೀಸೂ ಇರುವಾಗ, ಈ ಲೆಕ್ಕ ಕೂಡುವುದಿಲ್ಲ. ಒಂದು ವರ್ಷದ ವಿಶೇಷ ಡಿಪ್ಲೊಮಾಗಳು ಇದಕ್ಕಿಂತ ಕೈಗೆಟುಕುವಂಥವು. ಕ್ರಿಟಿಕಲ್ ಕೇರ್, ಕ್ಯಾನ್ಸರ್, ವೃದ್ಧರ ಆರೈಕೆ ಹೀಗೆ ಹಲವು ವಿಷಯಗಳಲ್ಲಿ ಇವೆ. ಮನೋರೋಗ ಶುಶ್ರೂಷೆಯ ಡಿಪ್ಲೊಮಾಗೆ ಬೆಂಗಳೂರಿನ ನಿಮ್ಹಾನ್ಸ್ ಹಿಂದಿನಿಂದಲೂ ಹೆಸರಾಗಿದೆ. ಮಾನಸಿಕ ಆರೋಗ್ಯದ ಕೆಲಸದಲ್ಲಿ ರೋಗಿಯ ಮಾತು ಕೇಳುವ ತಾಳ್ಮೆ ಮುಖ್ಯ, ಅದು ವಯಸ್ಸಿನ ಜೊತೆ ಬೆಳೆಯುತ್ತದೆ.

ಹಳ್ಳಿ ಕಡೆ ಹೋಗಲು ಸಿದ್ಧರಿರುವವರಿಗೆ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಇದೆ. 2018ರಲ್ಲಿ ಆಯುಷ್ಮಾನ್ ಭಾರತ್ ಅಡಿ ಉಪಕೇಂದ್ರಗಳನ್ನು ಆರೋಗ್ಯ ಕ್ಷೇಮ ಕೇಂದ್ರ ಮಾಡಿದಾಗ ಬಂದ ಹುದ್ದೆ ಇದು. ಬಿಪಿ, ಶುಗರ್ ಪರೀಕ್ಷೆ, ಮಾಮೂಲಿ ಕಾಯಿಲೆಗೆ ನಿಗದಿತ ಔಷಧ, ಬೇಕಾದರೆ ಇ-ಸಂಜೀವನಿಯಲ್ಲಿ ಡಾಕ್ಟರ್ ಜೊತೆ ವಿಡಿಯೊ ಮಾತುಕತೆ. ನರ್ಸ್ ಸ್ವತಂತ್ರವಾಗಿ ನಿರ್ಧಾರ ತೆಗೆದುಕೊಳ್ಳುವ ಅಪರೂಪದ ಜಾಗ ಇದು. ಆದರೆ ಇದೂ ಗುತ್ತಿಗೆ, ಇದಕ್ಕೂ ವಯೋಮಿತಿ.

ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತಿರುವುದು ಮನೆಯಲ್ಲೇ ಆರೈಕೆ. 2011ರ ಜನಗಣತಿಯಲ್ಲೇ ಕರ್ನಾಟಕದ ಜನರಲ್ಲಿ ಶೇ 9.5ರಷ್ಟು ಮಂದಿ 60 ದಾಟಿದವರಿದ್ದರು, ಆ ಪಾಲು ಏರುತ್ತಲೇ ಇದೆ. ಮಕ್ಕಳು ಹೊರದೇಶದಲ್ಲಿ, ತಂದೆತಾಯಿ ಬೆಂಗಳೂರು, ಮಂಗಳೂರು, ಮೈಸೂರಿನ ಫ್ಲಾಟ್‌ಗಳಲ್ಲಿ. ಇಂಥ ಮನೆಗಳಿಗೆ ಅನುಭವಿ ನರ್ಸ್ ಬೇಕು. ಆದರೆ ಏಜೆನ್ಸಿ ಮೂಲಕ ಹೋದರೆ 12 ಗಂಟೆ, 24 ಗಂಟೆ ಡ್ಯೂಟಿ, ಮತ್ತೆ ಅದೇ ಎತ್ತುವ ಕೆಲಸ, ಕೆಲವೊಮ್ಮೆ ಮನೆಗೆಲಸವೂ ಸೇರಿಬಿಡುತ್ತದೆ. ಒಬ್ಬರೇ ಇಡೀ ದಿನ ಕೂರುವ ಬದಲು ನಾಲ್ಕೈದು ಮನೆಗಳಿಗೆ ಹೋಗಿ ಡ್ರೆಸ್ಸಿಂಗ್, ಕ್ಯಾತಿಟರ್ ಬದಲಾವಣೆ, ಇನ್ಸುಲಿನ್ ತರಬೇತಿ ಮಾಡಿ ಬರುವ ಕ್ರಮ ಹಿರಿಯರಿಗೆ ಒಗ್ಗುತ್ತದೆ. ಕ್ಯಾನ್ಸರ್ ರೋಗಿಗಳ ಕೊನೆಗಾಲದ ಆರೈಕೆಯಲ್ಲಿ ಈ ಕ್ರಮ ಈಗಾಗಲೇ ಇದೆ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳಲ್ಲಿ ಈ ಆರೈಕೆಯ ಬೆನ್ನೆಲುಬು ನರ್ಸ್‌ಗಳೇ.

ವಿದೇಶ: ಇಲ್ಲೂ ಒಂದು ಗಡುವಿದೆ

‘ಕೊನೆಗೆ ಹೊರದೇಶಕ್ಕಾದರೂ ಹೋಗಬಹುದು’ ಎಂಬ ನಂಬಿಕೆ ಬಹಳ ಜನರಲ್ಲಿದೆ. ಜರ್ಮನಿಗೆ ಹೋಗಲು ಬಿ2 ಮಟ್ಟದ (ಸರಾಗವಾಗಿ ಮಾತಾಡುವಷ್ಟು) ಜರ್ಮನ್ ಭಾಷೆ ಬೇಕು ಎಂದು ಎಲ್ಲರಿಗೂ ಗೊತ್ತು. ವಯಸ್ಸಿನ ಷರತ್ತು ಅಷ್ಟಾಗಿ ಗೊತ್ತಿಲ್ಲ. 45 ದಾಟಿದ ಮೇಲೆ ಮೊದಲ ಸಲ ಕೆಲಸದ ವೀಸಾ ಕೇಳುವವರು ಒಂದು ನಿಗದಿತ ಮಟ್ಟಕ್ಕಿಂತ ಹೆಚ್ಚಿನ ಸಂಬಳ ತೋರಿಸಬೇಕು, ಇಲ್ಲವೇ ಮುಪ್ಪಿನ ಕಾಲಕ್ಕೆ ಸಾಕಾಗುವ ಪಿಂಚಣಿ ಇದೆ ಎಂದು ತೋರಿಸಬೇಕು. ಮುಪ್ಪಿಗೆ ದಾರಿ ಮಾಡಿಕೊಳ್ಳಲೆಂದೇ ಹೊರಡುವವರಿಗೆ ಇದು ದೊಡ್ಡ ಅಡ್ಡಿ.

ತಡವಾಗಿ ಹೋದರೆ ಪಿಂಚಣಿಯ ಲೆಕ್ಕವೂ ಬದಲಾಗುತ್ತದೆ. ಜರ್ಮನಿಯಲ್ಲಿ ಕನಿಷ್ಠ 5 ವರ್ಷ, ಬ್ರಿಟನ್ನಿನಲ್ಲಿ ಕನಿಷ್ಠ 10 ವರ್ಷ ವಂತಿಗೆ ಕಟ್ಟಿದರೆ ಮಾತ್ರ ಅಲ್ಲಿನ ಸರ್ಕಾರಿ ಪಿಂಚಣಿ. ಕೊಲ್ಲಿ ದೇಶಗಳಲ್ಲಿ ಕೆಲಸ ಮುಗಿಸಿ ಬರುವಾಗ ಒಂದು ಗಂಟು ಹಣ ಸಿಗುತ್ತದೆ, ತಿಂಗಳ ಪಿಂಚಣಿ ಇಲ್ಲ. ಕರಾವಳಿಯಿಂದ ಗಲ್ಫ್‌ಗೆ ಹೋದವರು ಐವತ್ತರ ಸುಮಾರಿಗೆ ವಾಪಸ್ ಬಂದಾಗ, ಇಲ್ಲಿನ ಆಸ್ಪತ್ರೆ ಅವರನ್ನು ಹೊಸಬರ ಸಂಬಳಕ್ಕೆ ಕರೆಯುತ್ತದೆ. ಇದರ ಜೊತೆಗೆ ಭಾರತದಲ್ಲಿ ನರ್ಸಿಂಗ್ ನೋಂದಣಿಯನ್ನು 5 ವರ್ಷಕ್ಕೊಮ್ಮೆ, ನಿಗದಿತ ಗಂಟೆಗಳ ಮುಂದುವರಿದ ಶಿಕ್ಷಣದ ದಾಖಲೆ ಕೊಟ್ಟು ನವೀಕರಿಸಬೇಕು. ಹೊರಗಿದ್ದಾಗ, ಮನೆಯಲ್ಲಿದ್ದಾಗ ಇದನ್ನು ಬಿಟ್ಟರೆ ವಾಪಸ್ ಬರುವುದು ಕಷ್ಟವಾಗುತ್ತದೆ.

ಪಿಎಫ್ ಚೀಟಿಯಲ್ಲಿ ಕಳೆದುಹೋಗುವ ವರ್ಷಗಳು

50ರ ನಂತರವೂ ನೈಟ್ ಮಾಡುತ್ತಲೇ ಇರುವುದಕ್ಕೆ ಮುಖ್ಯ ಕಾರಣ ಹಣ. ಇಪಿಎಸ್ (ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆ) ಪಿಂಚಣಿಯ ಸೂತ್ರ ಸರಳ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯನ್ನು ಇಡೀ ಸೇವೆಗೆ ಹಿಡಿದರೂ, 22 ವರ್ಷ ದುಡಿದವರಿಗೆ 2 ವರ್ಷದ ಬೋನಸ್ ಸೇರಿ ತಿಂಗಳಿಗೆ ಸುಮಾರು 5,140 ರೂಪಾಯಿ. ಅದೂ 58 ತುಂಬಿದ ಮೇಲೆ.

ಇದಕ್ಕಿಂತ ಬೇಸರದ ವಿಷಯ, ಎಷ್ಟೋ ಮಂದಿಗೆ ಇಷ್ಟೂ ಸಿಗುವುದಿಲ್ಲ. ಆಸ್ಪತ್ರೆ ಬದಲಿಸಿದಾಗೆಲ್ಲ ಪಿಎಫ್ ಹಣ ತೆಗೆದುಬಿಡುವ ರೂಢಿ ಇದೆ. 10 ವರ್ಷ ಆಗುವ ಮೊದಲು ಪಿಂಚಣಿ ಖಾತೆಯ ಹಣವನ್ನೂ ತೆಗೆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಹೊಸ ಕೆಲಸಕ್ಕೆ ಖಾತೆಯನ್ನು ವರ್ಗಾಯಿಸಿದರೆ ವರ್ಷಗಳು ಸೇರುತ್ತಾ ಹೋಗುತ್ತವೆ. ಕೆಲಸವನ್ನೇ ಬಿಟ್ಟವರು ಫಾರಂ 10ಸಿ ಕೊಟ್ಟು ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದರೆ, ಮುಂದೆ ಸೇರುವಾಗ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಮದುವೆ, ಹೆರಿಗೆ, ಊರು ಬದಲಾವಣೆ ಎಂದು ಕೆಲಸ ಬಿಟ್ಟು ಸೇರುವವರೇ ಜಾಸ್ತಿ ಇರುವ ವೃತ್ತಿಯಲ್ಲಿ ಇದನ್ನು ಕಾಲೇಜಿನಲ್ಲೇ ಹೇಳಿಕೊಡಬೇಕಿತ್ತು.

ಹೊಸ ಸಂಹಿತೆ ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ. ನಿಗದಿತ ಅವಧಿಗೆ ನೇಮಕವಾದವರಿಗೆ 5 ವರ್ಷದ ಬದಲು 1 ವರ್ಷಕ್ಕೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು) ಸಿಗುತ್ತದೆ. ಸಂಬಳದ ಕನಿಷ್ಠ ಅರ್ಧ ಭಾಗವನ್ನು ‘ವೇತನ’ ಎಂದು ಹಿಡಿಯಬೇಕಾದ್ದರಿಂದ ಗ್ರಾಚ್ಯುಟಿಯ ಮೊತ್ತವೂ ಏರುತ್ತದೆ. 11 ತಿಂಗಳ ಕರಾರು ಬರೆದು ನಡುವೆ ಕೆಲವು ದಿನ ಬಿಡುವು ಕೊಡುವ ಕಡೆ ಮಾತ್ರ ಈ ಲಾಭ ಕೈತಪ್ಪುವ ಭಯವಿದೆ.

ನೈಟ್ ಯಾರು ಮಾಡಬೇಕು?

ಈ ಪ್ರಶ್ನೆಯಲ್ಲಿ ನರ್ಸ್‌ಗಳಲ್ಲೇ ಒಮ್ಮತ ಇಲ್ಲ. 45 ದಾಟಿದವರಿಗೆ ಬರೀ ಹಗಲು ಪಾಳಿ ಕೊಡಿ ಎಂದು ಹಿರಿಯರು ಕೇಳುತ್ತಾರೆ. ಹಾಗಾದರೆ ಎಲ್ಲ ನೈಟ್‌ಗಳೂ ನಮ್ಮ ಮೇಲೆ, ಚಿಕ್ಕ ಮಕ್ಕಳಿರುವ ನಾವೇನು ಮಾಡೋಣ ಎನ್ನುತ್ತಾರೆ ಮೂವತ್ತರ ಆಸುಪಾಸಿನವರು. ಇಬ್ಬರ ಮಾತೂ ನ್ಯಾಯವೇ. ಇನ್ನೊಂದು ಅಪಾಯವೂ ಇದೆ. ಹಿರಿಯರೆಲ್ಲ ಹಗಲಿಗೆ ಬಂದರೆ ರಾತ್ರಿ 2 ಗಂಟೆಗೆ ರೋಗಿಯ ಉಸಿರು ಕೆಡುವುದನ್ನು ಮುಖ ನೋಡಿಯೇ ಹೇಳಬಲ್ಲವರು ವಾರ್ಡಿನಲ್ಲಿ ಇರುವುದಿಲ್ಲ.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಇದನ್ನು ಬೇರೆ ರೀತಿ ನೋಡುತ್ತವೆ. ಅಲ್ಲಿ ಹೊಸ ನರ್ಸ್ ಬ್ಯಾಂಡ್ 5 (ಬ್ಯಾಂಡ್ ಎಂದರೆ ಸಂಬಳದ ಶ್ರೇಣಿ). ಒಂದು ವಿಷಯದಲ್ಲಿ ಪರಿಣತಿ ಪಡೆದರೆ ಬ್ಯಾಂಡ್ 6, ಇನ್ನೂ ಮುಂದೆ ಹೋದರೆ 7 ಅಥವಾ 8. ಮೇಲೆ ಹೋಗಲು ಆಡಳಿತದ ಕುರ್ಚಿಯೇ ಬೇಕಿಲ್ಲ. ಗಾಯದ ಆರೈಕೆ, ಸ್ತನ ಕ್ಯಾನ್ಸರ್, ಹೃದಯ ವೈಫಲ್ಯ ಇಂಥ ಒಂದೊಂದಕ್ಕೂ ಪರಿಣತ ನರ್ಸ್ ಇರುತ್ತಾರೆ. ಅಲ್ಲೂ ಸಿಬ್ಬಂದಿ ಕೊರತೆ, ಮುಷ್ಕರ ಎಲ್ಲ ಇವೆ. ಆದರೂ ರೋಗಿಯ ಪಕ್ಕದಲ್ಲೇ ಇದ್ದು ಮೇಲೇರುವ ದಾರಿ ಇದೆ. ಭಾರತದಲ್ಲೂ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಎಂಬ 2 ವರ್ಷದ ಸ್ನಾತಕೋತ್ತರ ಕೋರ್ಸ್ ಬಂದಿದೆ. ಓದಿದವರಿಗೆ ತಕ್ಕ ಹುದ್ದೆಯನ್ನು ಆಸ್ಪತ್ರೆಗಳು ಸೃಷ್ಟಿಸಬೇಕು, ಕೊರತೆ ಇರುವುದು ಅಲ್ಲಿ.

ಮುಂದೆ ಏನಾಗಬಹುದು

1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು. ಓದಿನ ಗುಣಮಟ್ಟ, ನೋಂದಣಿ, ವೃತ್ತಿಯ ನಡವಳಿಕೆ ಅದರ ಕೈಯಲ್ಲಿದೆ. ಸಂಬಳ, ಪಾಳಿ, ಬಡ್ತಿ ಅದರ ಕೈಯಲ್ಲಿಲ್ಲ. ಹಾಗಾಗಿ ಹಿರಿಯ ನರ್ಸ್‌ಗಳ ವಿಷಯದಲ್ಲಿ ಚೆಂಡು ರಾಜ್ಯ ಸರ್ಕಾರದ ಅಂಗಳದಲ್ಲೇ ಇದೆ.

ರಾಜ್ಯದ ನಿಯಮಗಳಲ್ಲಿ ಮೂರು ಮಾತು ಸೇರಿದರೆ ಚಿತ್ರ ಬದಲಾಗುತ್ತದೆ. ನೈಟ್ ಡ್ಯೂಟಿಯ ಒಪ್ಪಿಗೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕು, ತಪಾಸಣೆಯಲ್ಲಿ ಬೆನ್ನು, ಮಂಡಿಯ ತೊಂದರೆ ಕಂಡರೆ ಕೆಲಸ ಬದಲಿಸಿ ಕೊಡಬೇಕು, ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯನ್ನು ಎತ್ತುವ ಸಾಧನ ಇರಲೇಬೇಕು. ಇವು ಸೇರದಿದ್ದರೆ ಆಗುವುದನ್ನು ಊಹಿಸಬಹುದು. ನಲವತ್ತು ದಾಟಿದವರನ್ನು ತಪಾಸಣೆಯ ವರದಿ ತೋರಿಸಿಯೇ ‘ಈ ಕೆಲಸಕ್ಕೆ ಆಗುವುದಿಲ್ಲ’ ಎಂದು ಕಳಿಸುವ ಆಸ್ಪತ್ರೆಗಳೂ ಬರಬಹುದು. ಆ ವರದಿ ಯಾರ ಕೈ ಸೇರುತ್ತದೆ ಎಂಬುದೂ ನಿಯಮದಲ್ಲಿ ಸ್ಪಷ್ಟವಾಗಿರಬೇಕು.

ನಿಯಮ ಬರುವವರೆಗೆ ಸುಮ್ನೆ ಕಾಯಬೇಕಿಲ್ಲ. ಸಂಹಿತೆಯ ಪ್ರಕಾರ ಈಗ ಎಲ್ಲರಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಆ ಪತ್ರದಲ್ಲಿ ಹುದ್ದೆಯ ಹೆಸರು ಏನಿದೆ, ಪಾಳಿಯ ಒಪ್ಪಿಗೆ ಯಾವ ಪದಗಳಲ್ಲಿದೆ, ಮೂಲ ವೇತನ ಎಷ್ಟು ಎಂದು ಓದಿಯೇ ಸಹಿ ಹಾಕಬೇಕು. ಪತ್ರವೇ ಇಲ್ಲದೆ ಹತ್ತು ವರ್ಷ ದುಡಿದವರು ಈಗ ಲಿಖಿತವಾಗಿ ಕೇಳಿ ಪಡೆಯಬಹುದು. ಸೇರಿದ ದಿನಾಂಕ ಅದರಲ್ಲಿ ಸರಿಯಾಗಿ ಬರಲಿ. ಹೊಸ ದಿನಾಂಕ ಹಾಕಿಕೊಟ್ಟರೆ ಹಿಂದಿನ ಹತ್ತು ವರ್ಷದ ಗ್ರಾಚ್ಯುಟಿಯ ಲೆಕ್ಕವೇ ತಪ್ಪಿಹೋಗುತ್ತದೆ.